ಸರ್ವಾನುಮತದಿಂದ ತೀರ್ಮಾನಿಸಲಾಯಿತು

ನನ್ನ ಸರ್ವೀಸಿನಲ್ಲಿ ಅತಿ ಹೆಚ್ಚು ಸಲ ಬರೆದ ವಾಕ್ಯ ಯಾವುದು ಅಂತ ಕೇಳಿದರೆ ನಾನು ಯೋಚಿಸಬೇಕಾಗಿಯೇ ಇಲ್ಲ: ‘ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಬೀದಿ ದೀಪದ ಬಲ್ಬಿಗೂ ಅದೇ, ಕೊಳವೆಬಾವಿ ಮೋಟಾರಿನ ರಿಪೇರಿಗೂ ಅದೇ. ಕೆಲವು ಸಲ ನಿಜಕ್ಕೂ ಚರ್ಚೆ ನಡೆದಿರುತ್ತಿತ್ತು. ಕೆಲವು ಸಲ ಕುರ್ಚಿ ಎತ್ತುವವರೆಗೂ ಜಗಳ ಹೋಗಿರುತ್ತಿತ್ತು. ಸಭೆಯ ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕ ತೆರೆದು ನೋಡಿದರೆ ಮಾತ್ರ ನಮ್ಮಷ್ಟು ಒಗ್ಗಟ್ಟಿನ ಜನ ಭೂಮಿ ಮೇಲೆ ಇನ್ನೆಲ್ಲೂ ಇರಲಿಲ್ಲ.

ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ಸೇರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿ ನಿವೃತ್ತನಾದವನು ನಾನು. ಈಗ ಹೊಸ ಸದಸ್ಯರಿಗೆ ತರಬೇತಿ ಕೊಡಲು ಕರೆಯುತ್ತಾರೆ. ಅಲ್ಲಿ ಕಾನೂನಿನ ಕಲಮು ಹೇಳುವುದಕ್ಕಿಂತ ಮುಂಚೆ ಆ ವಾಕ್ಯ ನನ್ನನ್ನು ಸಿಕ್ಕಿಹಾಕಿಸಿದ ಕಥೆ ಹೇಳುತ್ತೇನೆ. ಅದು ಕಸದ ಕಥೆ.

ಸ್ವಚ್ಛ ಭಾರತ್ ಗ್ರಾಮೀಣದ ಎರಡನೇ ಹಂತ 2020ರಲ್ಲಿ ಶುರುವಾಯಿತು. ಮೊದಲ ಹಂತ ಶೌಚಾಲಯದ್ದು, ಇದು ಕಸ ಮತ್ತು ಬಚ್ಚಲು ನೀರಿನದ್ದು. ಪ್ರತಿ ಪಂಚಾಯಿತಿಗೂ ಒಣಕಸ ಬೇರ್ಪಡಿಸುವ ಘಟಕ ಆಗಬೇಕು, ಜಾಗ ಗುರುತಿಸಿ ವರದಿ ಕೊಡಿ ಅಂತ ಮೇಲಿನಿಂದ ವಾರಕ್ಕೆ ಎರಡು ಫೋನು. ನಾನಿದ್ದದ್ದು ಮಂಡ್ಯ ಕಡೆಯ ಪಂಚಾಯಿತಿ. ಐದು ಹಳ್ಳಿ, ಒಂದು ಕೆರೆ, ಕೆರೆಯ ಮೇಲ್ಗಡೆ ದಿಣ್ಣೆ, ದಿಣ್ಣೆಯ ಮೇಲೆ ದನ ಮೇಯಲು ಬಿಟ್ಟ ಗೋಮಾಳ. ಒಂದು ಬೆಳಿಗ್ಗೆ ಇಂಜಿನಿಯರು, ನಾನು, ಅಧ್ಯಕ್ಷರ ಯಜಮಾನರು ಹೋಗಿ ಜಾಗ ನೋಡಿದೆವು. (ಅಧ್ಯಕ್ಷರು ಬರಲಿಲ್ಲವೇ ಅಂತ ನೀವು ಕೇಳಬೇಕಿತ್ತು. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು, ಸ್ಥಳ ತನಿಖೆಗೆ ಜೀಪು ಹತ್ತುವವರು ಮಾತ್ರ ಗಂಡಂದಿರು. ನಾನೂ ಆವತ್ತು ಕೇಳಲಿಲ್ಲ.) ರಸ್ತೆಗೆ ಹತ್ತಿರ, ಸರ್ಕಾರಿ ಜಮೀನು, ಇಪ್ಪತ್ತು ಗುಂಟೆ ಸಾಕು. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು.

ಆಮೇಲೆ ಗ್ರಾಮಸಭೆ. ಪಟ್ಟಣದಲ್ಲಿರುವ ಓದುಗರಿಗೆ ಒಂದು ವ್ಯತ್ಯಾಸ ಹೇಳಬೇಕು. ಸದಸ್ಯರು ಕೂತು ನಡೆಸುವುದು ಸಾಮಾನ್ಯ ಸಭೆ. ಗ್ರಾಮಸಭೆ ಮತದಾರರ ಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರೇ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಇದ್ದರೆ ಕೋರಂ. ಅದಕ್ಕೂ ಮುಂಚೆ ವಾರ್ಡ್ ಸಭೆಗಳು ಆಗಿರಬೇಕು. ಕಾಗದದಲ್ಲಿ ಇಷ್ಟು ಚೆಂದದ ಏರ್ಪಾಡು ಬೇರೆ ಇಲ್ಲ.

ಇನ್ನು ಪೆಂಡಾಲ್ ಒಳಗಿನದ್ದು. ಜನ ಬರುವುದು ಮನೆ ಪಟ್ಟಿಗೆ. ವಸತಿ ಯೋಜನೆಯ ಫಲಾನುಭವಿಗಳ ಹೆಸರು ಓದುವವರೆಗೂ ಕಾಲಿಡಲು ಜಾಗವಿರುವುದಿಲ್ಲ. ಕೊನೆಯ ಹೆಸರು ಓದಿದ್ದೇ ತಡ, ಚಪ್ಪಲಿ ಹುಡುಕುವ ಸದ್ದು. ಮಿಕ್ಕ ವಿಷಯಗಳೆಲ್ಲ ಖಾಲಿ ಕುರ್ಚಿಗಳ ಮುಂದೆ ಪಾಸಾಗುತ್ತವೆ. ಬೇಕಾದ ವಿಷಯವನ್ನು ಪಟ್ಟಿಗೆ ಮುಂಚೆ ಇಡುವುದು, ಬೇಡದ್ದನ್ನು ಪಟ್ಟಿ ಆದಮೇಲೆ ಇಡುವುದು ನಮ್ಮ ಕೈಯಲ್ಲೇ ಇರುತ್ತದೆ. ಕಸದ ಘಟಕವನ್ನು ನಾನು ಪಟ್ಟಿ ಆದಮೇಲೆ ಇಟ್ಟಿದ್ದೆ.

ಆದರೂ ಒಂದು ಊರಿನವರು ಎದ್ದು ಹೋಗದೆ ಕೂತಿದ್ದರು. ದಿಣ್ಣೆ ಕೆಳಗಿನ ಊರು. ವಿಷಯ ಓದುತ್ತಿದ್ದ ಹಾಗೆ ಕೂಗಾಟ. ‘ಇನ್ನೊಂದು ಮಂಡೂರು ಮಾಡ್ತೀರಾ?’ ಅಂತ ಒಬ್ಬ ಹುಡುಗ ಕೇಳಿದ. ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವನು.

ಆ ಹೆಸರಿನ ಭಾರ ನಮಗೆ ಗೊತ್ತಿರಬೇಕಿತ್ತು. ಬೆಂಗಳೂರಿನ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ಹಳ್ಳಿಗಳ ಪಕ್ಕದಲ್ಲಿ. ಯಲಹಂಕ ಕಡೆಯ ಮಾವಳ್ಳಿಪುರದಲ್ಲಿ ಜನರ ಹೋರಾಟ ಗಟ್ಟಿಯಾಗಿ 2012ರಲ್ಲಿ ಸುರಿಯುವುದು ನಿಂತಿತು. ಆಗ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಅಲ್ಲಿಯವರು ರಸ್ತೆಗೆ ಅಡ್ಡ ಕೂತು, 2014ರ ಕೊನೆಗೆ ಅಲ್ಲೂ ಲಾರಿ ನಿಲ್ಲಿಸಿದರು. ಕೆಟ್ಟ ಬಾವಿ, ನೊಣ, ಗಂಡಿಗೆ ಹೆಣ್ಣು ಕೊಡದ ಊರು ಅನ್ನುವ ಮಾತು, ಇವೆಲ್ಲ ಟಿವಿಯಲ್ಲಿ ಬಂದು ಹಳ್ಳಿಹಳ್ಳಿಗೂ ಮುಟ್ಟಿವೆ. ‘ಅದು ಮಹಾನಗರದ ಹಸಿಕಸ, ಇದು ನಿಮ್ಮದೇ ಊರಿನ ಪ್ಲಾಸ್ಟಿಕ್ಕು, ಬಾಟಲಿ, ಹಳೇ ಬಟ್ಟೆ’ ಅಂತ ನಾನು ಹೇಳಿದೆ. ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮನೆಯಲ್ಲಿ ಹಸಿ ಒಣ ಬೇರೆ ಮಾಡಿ ಕೊಟ್ಟರೆ ಮಾತ್ರ ಅದು ಒಣಕಸದ ಘಟಕ. ಒಂದೇ ಚೀಲದಲ್ಲಿ ಕಟ್ಟಿ ಗಾಡಿಗೆ ಎಸೆದರೆ ಆರು ತಿಂಗಳಲ್ಲಿ ಪುಟ್ಟ ಮಂಡೂರೇ. ಆ ಎರಡನೇ ಮಾತು ನಾನು ಹೇಳಲಿಲ್ಲ.

ಎಲ್ಲರಿಗಿಂತ ಗಟ್ಟಿ ದನಿ ಒಬ್ಬರದು. ಅವರನ್ನು ಇಲ್ಲಿ ದೊಡ್ಡವರು ಅಂತ ಕರೆಯುತ್ತೇನೆ. ಅದೇ ಗೋಮಾಳದಲ್ಲಿ ಅರ್ಧ ಎಕರೆ ಒತ್ತುವರಿ ಮಾಡಿ ಟೊಮೆಟೊ ಹಾಕಿದ್ದವರು. ಜಾಗ ಪಂಚಾಯಿತಿಗೆ ಬಂದರೆ ಸರ್ವೆಯವರು ಚೈನು ಹಿಡಿದು ಬರುತ್ತಾರೆ, ಚೈನು ಬಂದರೆ ಟೊಮೆಟೊ ಹೋಗುತ್ತದೆ. ಇದು ನನಗೂ ಗೊತ್ತು, ಸದಸ್ಯರಿಗೂ ಗೊತ್ತು, ಅವರ ಹಿಂದೆ ಕೂತಿದ್ದವರಿಗೂ ಗೊತ್ತು. ಅವರು ಎದ್ದು ನಿಂತು, ‘ಅಲ್ಲ ಸಾರ್, ಮಳೆ ಹುಯ್ದ್ರೆ ಆ ದಿಣ್ಣೆ ನೀರೆಲ್ಲಾ ಕೆರೆಗೇ ಇಳಿಯೋದು. ನಿಮ್ ಕಸದ ನೀರ್ನ ನಮ್ ದನ ಕುಡೀಬೇಕಾ?’ ಅಂದಾಗ ವೇದಿಕೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ದನದ ಮೇಲೆ ಇವರಿಗೆ ಎಷ್ಟು ಪ್ರೀತಿ ಅಂತ.

ನಾನು ಬರೆದೆ: ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ನಡಾವಳಿ ಮೇಲಕ್ಕೆ ಹೋಯಿತು. ಇಲ್ಲೊಂದು ವಿಷಯ ಬಹಳ ಜನರಿಗೆ ತಿಳಿದಿರುವುದಿಲ್ಲ. ಗೋಮಾಳ ಪಂಚಾಯಿತಿಯ ಆಸ್ತಿ ಅಲ್ಲ. ಅದು ಕಂದಾಯ ಇಲಾಖೆಯದು. 1964ರ ಭೂಕಂದಾಯ ಕಾಯ್ದೆಯಲ್ಲಿ ಸರ್ಕಾರಿ ಜಮೀನನ್ನು ಒಂದು ಸಾರ್ವಜನಿಕ ಕೆಲಸಕ್ಕೆ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ. 100 ದನಕ್ಕೆ 30 ಎಕರೆ ಗೋಮಾಳ ಇರಬೇಕು ಅನ್ನುವ ಲೆಕ್ಕವೂ ನಿಯಮದಲ್ಲಿದೆ. ಊರಿನ ದನದ ಸಂಖ್ಯೆ ನೋಡಿ, ಉಳಿಕೆ ಇದೆಯೇ ಅಂತ ತಹಶೀಲ್ದಾರರು ವರದಿ ಮಾಡುತ್ತಾರೆ. ಅಂದರೆ ಪಂಚಾಯಿತಿಯ ಠರಾವು ಬರೀ ಬೇಡಿಕೆ, ತೀರ್ಪು ಬರುವುದು ಬೇರೆ ಕಚೇರಿಯಿಂದ. ಊರಿನವರು ಮೂರು ತಿಂಗಳು ನಮ್ಮ ಕಚೇರಿ ಮುಂದೆ ಕೂಗಿದರು. ಫೈಲು ಅಷ್ಟರಲ್ಲಿ ತಾಲ್ಲೂಕು ಕಚೇರಿ, ಉಪವಿಭಾಗ ದಾಟಿ ಹೋಗಿತ್ತು. ಅಲ್ಲಿ ಒಂದೇ ಒಂದು ತಕರಾರು ಅರ್ಜಿ ಇರಲಿಲ್ಲ. ಇದ್ದದ್ದು ನನ್ನ ‘ಸರ್ವಾನುಮತ’. ಆದೇಶ ಬಂತು.

ಜೆಸಿಬಿ ಹೋದ ದಿನ ದಾರಿಗೆ ಅಡ್ಡಲಾಗಿ ಎರಡು ಟ್ರಾಕ್ಟರು, ಅದರ ಮುಂದೆ ಹೆಂಗಸರು. ಪೊಲೀಸರು ಬಂದರು. ತಹಶೀಲ್ದಾರರು ಬಂದರು. ಒಂದು ಕೈಯಲ್ಲಿ ಅರವತ್ತು ಚಿಲ್ಲರೆ ಸಹಿಯ ಮನವಿ, ಇನ್ನೊಂದು ಕೈಯಲ್ಲಿ ನಮ್ಮ ನಡಾವಳಿ ಹಿಡಿದು, ‘ಏನ್ರೀ ಇದು, ಇದರಲ್ಲಿ ಯಾವುದು ಸುಳ್ಳು?’ ಅಂತ ಎಲ್ಲರ ಎದುರಿಗೇ ಕೇಳಿದರು. ನಾನು ನೆಲ ನೋಡಿದೆ.

ಆ ಮನವಿಯಲ್ಲೂ ಒಂದು ಕೊರತೆ ಇತ್ತು. ‘ಕಸದ ಘಟಕ ನಮಗೆ ಬೇಡ’ ಅಂತ ಒಂದೇ ಸಾಲು, ಕೆಳಗೆ ಸಹಿ, ಹೆಬ್ಬೆಟ್ಟು. ಕೆರೆಯ ಮಾತೇ ಇಲ್ಲ. ‘ಬೇಡ’ ಅನ್ನುವುದನ್ನು ಯಾವ ಅಧಿಕಾರಿಯೂ ತಳ್ಳಿಹಾಕಬಹುದು, ಕಸ ಎಲ್ಲಾದರೂ ಹೋಗಲೇಬೇಕಲ್ಲ. ‘ಇಂಥ ಸರ್ವೆ ನಂಬರಿನ ಇಂಥ ಮಗ್ಗುಲಿನ ನೀರು ಕೆರೆಗೆ ಇಳಿಯುತ್ತದೆ, ಬಂದು ನೋಡಿ’ ಅಂತ ಬರೆದರೆ ಯಾರಾದರೂ ಬಂದು ನೋಡಲೇಬೇಕು, ನೋಡಿದ್ದನ್ನು ಬರೆಯಲೇಬೇಕು. ತರಬೇತಿಯಲ್ಲಿ ನಾನು ಊರಿನವರಿಗೆ ಹೇಳುವುದು ಇಷ್ಟು: ಸಭೆಯಲ್ಲಿ ಕೂಗಿದ್ದನ್ನೇ ಮಾರನೇ ದಿನ ಒಂದು ಹಾಳೆಯಲ್ಲಿ ಬರೆದು ಟಪಾಲಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಜಮೀನಿನ ವಿಷಯವಾದರೆ ತಹಶೀಲ್ದಾರರಿಗೂ ಒಂದು ಪ್ರತಿ. ಖಾತೆ, ಲೈಸೆನ್ಸಿನಂಥ ಪಂಚಾಯಿತಿಯದೇ ಆದೇಶವಾದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಮೇಲ್ಮನವಿ, ಅದಕ್ಕೆ 30 ದಿನದ ಗಡುವು. ನಡಾವಳಿಯಲ್ಲಿ ಏನು ಬರೆದಿದ್ದಾರೆ ಅಂತ ನೋಡಲು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ಸಭೆ ಮುಗಿದ ವಾರದಲ್ಲೇ ಕೇಳಿ. ಜೆಸಿಬಿ ಬಂದಮೇಲೆ ಕೇಳಿದರೆ ಪೇಪರಿನವರಿಗೆ ಕೊಡಲು ಬಂತು, ಅಷ್ಟೇ.

ಅವತ್ತು ಸಂಜೆ ಇಂಜಿನಿಯರನ್ನು ಕರೆದುಕೊಂಡು ಮತ್ತೆ ದಿಣ್ಣೆ ಹತ್ತಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ನೀರು ಹರಿದ ಗೀರು ಮಣ್ಣಿನ ಮೇಲೆ ಹಾಗೇ ಇತ್ತು, ನಾವು ಗುರುತು ಹಾಕಿದ್ದ ಇಪ್ಪತ್ತು ಗುಂಟೆಯ ನಡುವಿನಿಂದ ಹೊರಟು ನೇರ ಕೆರೆಯ ಕಾಲುವೆಗೆ. ಮುಕ್ಕಾಲು ಗಂಟೆಯ ನಮ್ಮ ಸ್ಥಳ ತನಿಖೆ ಬೇಸಿಗೆಯಲ್ಲಿ ನಡೆದಿತ್ತು. ಟೊಮೆಟೊ ಉಳಿಸಿಕೊಳ್ಳಲು ಎದ್ದು ನಿಂತ ಮನುಷ್ಯ ಹೇಳಿದ್ದು ಅಕ್ಷರಶಃ ಸತ್ಯ. ಅವರ ಉದ್ದೇಶ ನಮಗೆ ಗೊತ್ತಿತ್ತು ಅನ್ನುವ ಒಂದೇ ಕಾರಣಕ್ಕೆ ಅವರ ಮಾತು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಪಂಚಾಯಿತಿಯಲ್ಲಿ ತಕರಾರು ಎತ್ತುವವರಲ್ಲಿ ಸ್ವಾರ್ಥ ಇಲ್ಲದವರನ್ನು ನಾನು ಹೆಚ್ಚು ಕಂಡಿಲ್ಲ. ಸೋತ ಅಭ್ಯರ್ಥಿ, ಬಿಲ್ಲು ಬಾಕಿ ಉಳಿದ ಗುತ್ತಿಗೆದಾರ, ದಾಯಾದಿ ಜಗಳದವನು. ಅವರು ಹೇಳುವುದರಲ್ಲಿ ಅರ್ಧದಷ್ಟಾದರೂ ನಿಜ ಇರುತ್ತದೆ, ಯಾಕೆಂದರೆ ಕಚೇರಿಯ ತಪ್ಪು ಹುಡುಕಲು ಅಷ್ಟು ಪುರುಸೊತ್ತು ಬೇರೆ ಯಾರಿಗೂ ಇರುವುದಿಲ್ಲ.

ಎರಡನೇ ಗ್ರಾಮಸಭೆ ಕರೆದೆವು. ಈ ಸಲ ಕಸ ಮೊದಲು, ಮನೆ ಪಟ್ಟಿ ಕೊನೆಗೆ. ಜನ ಅಲ್ಲಾಡಲಿಲ್ಲ.

‘ಈ ಘಟಕಕ್ಕೆ ಎಷ್ಟು ಲಕ್ಷ ಬಂದಿದೆ, ಯಾರ್ಯಾರು ತಿಂದ್ರಿ?’ ಅನ್ನುವ ಪ್ರಶ್ನೆಯಿಂದಲೇ ಶುರು. ಶಾಲೆಯ ಬೋರ್ಡು ತರಿಸಿ ಲೆಕ್ಕ ಬರೆದೆ. ಕಸ ನಿರ್ವಹಣೆಗೆ 5,000ದವರೆಗಿನ ಜನಸಂಖ್ಯೆಯ ಹಳ್ಳಿಗೆ ತಲೆಗೆ ₹60. 3,000 ಜನರ ಊರಿಗೆ ₹1,80,000. ಅದರಲ್ಲಿ ಶೇ 70 ಸ್ವಚ್ಛ ಭಾರತ್‌ನಿಂದ, ಶೇ 30 ಪಂಚಾಯಿತಿ ತನ್ನ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕು. ಆ ಅನುದಾನವನ್ನು ಬೇರೆ ಕಡೆ ಹಾಕಿ, ನಮ್ಮ ಬೀದಿಗೆ ಸಿಮೆಂಟ್ ರಸ್ತೆ ಮಾಡಿ ಅಂದರು. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಶೇ 60 ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು, ಮಿಕ್ಕ ಶೇ 40ರಲ್ಲಿ ಮಾತ್ರ ನಮ್ಮ ಇಷ್ಟ ನಡೆಯುತ್ತದೆ ಅಂತ ಹೇಳಿದಾಗ ಒಬ್ಬ ಸದಸ್ಯರೇ, ‘ಇದು ನಮಗೂ ಗೊತ್ತಿರ್ಲಿಲ್ವಲ್ಲ ಸಾರ್’ ಅಂದರು. ಎರಡು ವರ್ಷದಿಂದ ಕ್ರಿಯಾಯೋಜನೆಗೆ ಸಹಿ ಹಾಕಿದ್ದವರು.

ಹೆಂಗಸರ ಸಾಲಿನಿಂದ ಬಂದ ಪ್ರಶ್ನೆ ನಮ್ಮ ಯೋಜನಾ ವರದಿಯಲ್ಲಿ ಎಲ್ಲೂ ಇರಲಿಲ್ಲ. ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತೆ? ಹತ್ತು ಗಂಟೆಗೆ ಅಂದೆ. ಹತ್ತಕ್ಕೆ ನಾವು ಗದ್ದೇಲಿರ್ತೀವಿ, ಕಸ ಯಾರು ಕೊಡೋರು, ಬಾಗಿಲಿಗೆ ಕಟ್ಟಿಟ್ಟು ಹೋದ್ರೆ ನಾಯಿ ಎಳೆಯುತ್ತೆ. ಗಾಡಿ ಓಡಿಸಲಿದ್ದ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಅಲ್ಲೇ ಇದ್ದರು. ಅವರ ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತು ನೋಡಿ, ಇವರು ಗದ್ದೆಗೆ ಹೊರಡುವ ಹೊತ್ತು ನೋಡಿ, ಅರ್ಧ ಗಂಟೆ ಎಳೆದಾಡಿ ಆರೂವರೆಗೆ ಒಪ್ಪಿದರು. ಅವರಿಗೆ ತಿಂಗಳ ಸಂಬಳ ಸರಿಯಾಗಿ ಕೊಡುತ್ತೀರಾ ಅಂತ ಯಾರೋ ಕೇಳಿದರು. ಅದಕ್ಕೆ ವೇದಿಕೆ ಮೇಲಿಂದ ನೇರ ಉತ್ತರ ಬರಲಿಲ್ಲ.

ಜಾಗ ಅದೇ ಸರ್ವೆ ನಂಬರಿನ ಆಚೆ ಮಗ್ಗುಲಿಗೆ ಬದಲಾಯಿಸಲು ಮತ್ತೆ ಪ್ರಸ್ತಾವ ಕಳಿಸುವುದು, ಸುತ್ತ ಕಾಂಪೌಂಡು, ಮೇಲೆ ಶೀಟು, ಹಸಿಕಸ ಅಲ್ಲಿಗೆ ತರುವುದೇ ಇಲ್ಲ, ಬೆಂಕಿ ಹಚ್ಚುವುದಿಲ್ಲ, ಬೇರೆ ಪಂಚಾಯಿತಿಯ ಕಸ ತರುವುದಿಲ್ಲ. ಒಂದೊಂದನ್ನೂ ಯಾರು ಕೇಳಿದರು ಅನ್ನುವ ಸಮೇತ ಬರೆಸಿದೆ. ನಾಲ್ಕು ಪುಟ ಆಯಿತು. ಬರೆಯುತ್ತಿದ್ದ ಬಿಲ್ ಕಲೆಕ್ಟರ್ ನಡುವೆ ಎರಡು ಸಲ ಕೈ ಕೊಡವಿಕೊಂಡ.

ಓದಿ ಹೇಳಿ ಅಂತ ದೊಡ್ಡವರು ಎದ್ದರು. ಓದಿದೆವು. ಕೆರೆಯ ಸಾಲು ಬಂದಾಗ ತಮ್ಮ ಹೆಸರು ಇದೆಯಾ ಅಂತ ಇನ್ನೊಮ್ಮೆ ಓದಿಸಿದರು. ಆಮೇಲೆ ಬಂದು ಪೆನ್ನು ಈಸಿಕೊಂಡು ಸಹಿ ಹಾಕಿ, ಅದರ ಪಕ್ಕದಲ್ಲಿ ನಿಧಾನವಾಗಿ ಇನ್ನೇನೋ ಬರೆದು ಹೋದರು. ತಿರುಗಿಸಿ ನೋಡಿದರೆ, ‘ಸರ್ವೆ ಮಾಡುವುದಕ್ಕೆ ಮಾತ್ರ ನನ್ನ ತಕರಾರಿದೆ’ ಅಂತಿತ್ತು. ಅದನ್ನೂ ಹಾಗೇ ಬಿಟ್ಟೆ. ಆ ಪುಟದಲ್ಲಿ ಸರ್ವಾನುಮತ ಅನ್ನುವ ಪದ ಬಳಸಲಿಲ್ಲ.