ಪಸ್ ಸೆಲ್ಸ್ ಬಂದಿದೆ, ಆಂಟಿಬಯಾಟಿಕ್ ಯಾವುದು ಕೊಡಲಿ?

“ಅಮ್ಮನಿಗೆ ವಾರಕ್ಕೆ ಮೂರು ಡಯಾಲಿಸಿಸ್. ದಿನಕ್ಕೆ ಅರ್ಧ ಲೋಟ ಮೂತ್ರ ಹೋದರೆ ಹೆಚ್ಚು. ಯೂರಿನ್ ರಿಪೋರ್ಟಿನಲ್ಲಿ ಪಸ್ ಸೆಲ್ಸ್ 40–50 ಬಂದಿದೆ. ಉರಿಯಿಲ್ಲ, ಜ್ವರವಿಲ್ಲ. ಯಾವ ಆಂಟಿಬಯಾಟಿಕ್ ಒಳ್ಳೆಯದು?” ರಾಜಾಜಿನಗರದ ಓದುಗರೊಬ್ಬರ ಪ್ರಶ್ನೆ.

ಈ ತಿಂಗಳಲ್ಲಿ ಇದು ಐದನೇ ಸಲ. ಬಡಾವಣೆ ಬದಲಾಗುತ್ತದೆ, ಅಮ್ಮನ ಜಾಗಕ್ಕೆ ಮಾವ ಬರುತ್ತಾರೆ, ಅಷ್ಟೇ. ಯಾವುದೂ ಬೇಡ. ಉರಿಯಿಲ್ಲ, ಜ್ವರವಿಲ್ಲ ಎಂದು ನೀವೇ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ.

ಪಸ್ ಸೆಲ್ಸ್ ಅಂತ ಹೆಸರಿಟ್ಟವರ ಮೇಲೆ ನನಗೆ ಹಳೇ ಸಿಟ್ಟಿದೆ. ಅವು ಬಿಳಿ ರಕ್ತಕಣಗಳು. ಹೆಸರು ಕೇಳಿದ ಕೂಡಲೇ ಮನೆಯವರಿಗೆ ಕೀವು ಕಣ್ಣಿಗೆ ಕಟ್ಟುತ್ತದೆ, ರಿಪೋರ್ಟಿನ ಆ ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಕೊಂಡು ಓಡಿ ಬರುತ್ತಾರೆ. ಮೂತ್ರ ಕಡಿಮೆಯಾದವರ ಮೂತ್ರಕೋಶದಲ್ಲಿ ಈ ಕಣಗಳು ಸೇರಿಕೊಳ್ಳುವುದು ಮಾಮೂಲು, ಸೋಂಕು ಇರಲೇಬೇಕೆಂದಿಲ್ಲ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಮೊದಲ ಬಿಂದಿಗೆ ಗಷ್ಟು ಸಮೇತ ಕೆಂಪಗೆ ಬರುತ್ತದೆ. ಪೈಪಿನಲ್ಲಿ ನಿಂತದ್ದು ಬಂತು ಅಂತ ಚೆಲ್ಲುತ್ತೀರಿ. ಹರಿಯದ ಮೂತ್ರಕೋಶದ ಕಥೆಯೂ ಅದೇ.

“ಕಲ್ಚರ್‌ನಲ್ಲಿ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಈ-ಕೋಲೈ ಅನ್ನುವ ಬ್ಯಾಕ್ಟೀರಿಯಾ ಬಂದಿದೆಯಲ್ಲಾ?” ಬರಲಿ. ತೊಂದರೆ ಕೊಡದೆ ತಣ್ಣಗೆ ಕೂತ ಬ್ಯಾಕ್ಟೀರಿಯಾಕ್ಕೆ ಔಷಧಿ ಕೊಡುವುದಿಲ್ಲ. ಬಸುರಿಯರಿಗೆ, ಮೂತ್ರನಾಳದೊಳಗೆ ಉಪಕರಣ ಹಾಕಿ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಲೆಕ್ಕ ಬೇರೆ.

ಕೊಟ್ಟರೆ ಏನು ನಷ್ಟ ಅಂತೀರಾ? ಮೆಡಿಕಲ್ ಶಾಪಿನಲ್ಲಿ ಸಲೀಸಾಗಿ ಸಿಗುವ, ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟೋಯಿನ್ ಮಾತ್ರೆಯನ್ನೇ ಉದಾಹರಣೆಗೆ ನೋಡಿ. ಅದನ್ನು ಮೂತ್ರಕ್ಕೆ ಇಳಿಸಬೇಕಾದ್ದು ಕಿಡ್ನಿ. ಕಿಡ್ನಿ ಕೈಕೊಟ್ಟವರಲ್ಲಿ ಮಾತ್ರೆ ಮೂತ್ರಕೋಶ ಮುಟ್ಟುವುದೇ ಇಲ್ಲ, ರಕ್ತದಲ್ಲೇ ಉಳಿದು ನರಗಳಿಗೆ ಪೆಟ್ಟು ಕೊಡುತ್ತದೆ. ಒಬ್ಬ ಅಜ್ಜಿ ನಾಲ್ಕು ಕೋರ್ಸ್ ನುಂಗಿ, ಪಾದ ಜುಮ್ಮೆನ್ನುತ್ತಿದೆ ಅಂತ ಬಂದಿದ್ದರು. ಪಸ್ ಸೆಲ್ಸ್ ಮಾತ್ರ ಇದ್ದಷ್ಟೇ ಇತ್ತು.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಪ್ರತಿ ಕೋರ್ಸೂ ಕರುಳಲ್ಲಿರುವ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು, ಮಾತ್ರೆಗೆ ಬಗ್ಗದವನ್ನು ಉಳಿಸುತ್ತದೆ. ರೂಢಿಯಾಗುವುದು ದೇಹಕ್ಕಲ್ಲ, ಬ್ಯಾಕ್ಟೀರಿಯಾಕ್ಕೆ. ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲೇ ಇರುವವರಿಗೆ ಅಂಥವು ಅಂಟಿಕೊಳ್ಳುವ ಅವಕಾಶ ಮೊದಲೇ ಹೆಚ್ಚು. ನಾಳೆ ನಿಜವಾದ ಸೋಂಕು ಬಂದಾಗ ಕಲ್ಚರ್ ರಿಪೋರ್ಟಿನಲ್ಲಿ ಸಾಲಾಗಿ ‘ಆರ್’, ‘ಆರ್’, ‘ಆರ್’, ಅಂದರೆ ರೆಸಿಸ್ಟೆಂಟ್, ಆ ಔಷಧಿಗೆ ಬಗ್ಗುವುದಿಲ್ಲ ಅಂತ. ಕೊನೆಗೆ ಉಳಿಯುವುದು ಮೆರೊಪೆನೆಮ್‌ನಂಥ ಇಂಜೆಕ್ಷನ್.

ಉರಿ, ಕೆಳಹೊಟ್ಟೆ ನೋವು, ಜ್ವರ ಇದ್ದರೆ ಮಾತು ಬೇರೆ. ಮೊದಲ ಮಾತ್ರೆಗೆ ಮುಂಚೆ ಕಲ್ಚರ್‌ಗೆ ಕೊಡಿ. ಮಾತ್ರೆಯ ಡೋಸ್ ಡಯಾಲಿಸಿಸ್ ಡಾಕ್ಟರ್ ಹೇಳಲಿ. ಕೆಲವು ಔಷಧಿ ಮಷಿನ್‌ನಲ್ಲೇ ತೊಳೆದುಹೋಗುವುದರಿಂದ ಡಯಾಲಿಸಿಸ್ ಮುಗಿದ ಮೇಲೆ ಕೊಡಬೇಕು. ಕುತ್ತಿಗೆಯಲ್ಲಿ ಡಯಾಲಿಸಿಸ್‌ಗೆ ಹಾಕಿದ ಕ್ಯಾಥೆಟರ್ (ರಕ್ತನಾಳದೊಳಗಿನ ಕೊಳವೆ) ಇದ್ದು ಚಳಿಜ್ವರ ಬಂದರೆ ಯೂರಿನ್ ಡಬ್ಬಿ ಹಿಡಿದು ಕೂರಬೇಡಿ, ಅವತ್ತೇ ಡಯಾಲಿಸಿಸ್ ಯೂನಿಟ್‌ಗೆ ಹೋಗಿ. ಮೊದಲ ಅನುಮಾನ ಕ್ಯಾಥೆಟರ್ ಮೇಲೆ, ರಕ್ತದ ಕಲ್ಚರ್ ಆಗಬೇಕು.

ಓದುಗರು ಕೇಳಿಲ್ಲ, ಆದರೂ ಬಾಯಿ ತಡೆಯುತ್ತಿಲ್ಲ. ‘ಉಷ್ಣ ಆಗಿದೆ’ ಅಂತ ಅಮ್ಮನಿಗೆ ಎಳನೀರು, ಬಾರ್ಲಿ ನೀರು ಕೊಡುತ್ತಿದ್ದೀರಾ? ಚೆನ್ನಾಗಿ ನೀರು ಕುಡಿಯಿರಿ ಅನ್ನುವ ಮಾತು ಮೂತ್ರ ಹೋಗುವವರಿಗೆ. ಇವರಿಗೆ ಕುಡಿದದ್ದೆಲ್ಲ ಕಾಲಿನ ಊತ, ರಾತ್ರಿಯ ಉಬ್ಬಸ. ಒಂದು ಲೋಟ ಎಳನೀರಿನಲ್ಲಿ ಸುಮಾರು 500 ಮಿಲಿಗ್ರಾಂ ಪೊಟ್ಯಾಶಿಯಂ ಇರುತ್ತದೆ, ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಸೋಮ-ಬುಧ-ಶುಕ್ರ ಡಯಾಲಿಸಿಸ್‌ನವರಿಗೆ ಶನಿವಾರ, ಭಾನುವಾರ ಎರಡೂ ದಿನ ಮಷಿನ್ ಇಲ್ಲ. ನೆಂಟರು ಎಳನೀರು ಹಿಡಿದು ಬರುವುದೂ ಭಾನುವಾರವೇ.