ದೆವ್ವದ ಪೋಸ್ಟರ್ ಮತ್ತು ಕಪ್ಪು ಮಸಿಯ ಲೆಕ್ಕ

ಈಗ ಒಂದು ದೆವ್ವದ ಸಿನಿಮಾಗೆ ಒಂದೇ ಪೋಸ್ಟರ್ ಇರುವುದಿಲ್ಲ. ಮೊದಲು ಟೈಟಲ್ ಪೋಸ್ಟರ್, ಆಮೇಲೆ ಫಸ್ಟ್ ಲುಕ್, ಪಾತ್ರಕ್ಕೊಂದರಂತೆ ಕ್ಯಾರೆಕ್ಟರ್ ಪೋಸ್ಟರ್, ಮೋಷನ್ ಪೋಸ್ಟರ್, ಬಿಡುಗಡೆಯ ಹಿಂದಿನ ದಿನದ ಪತ್ರಿಕೆ ಜಾಹೀರಾತು, ಕೊನೆಗೆ ಒಟಿಟಿಯಲ್ಲಿ ಹೆಬ್ಬೆರಳಿನಷ್ಟು ಚಿತ್ರ. ಮೊದಲನೆಯದರಲ್ಲಿ ಬರೀ ಅರೆತೆರೆದ ಬಾಗಿಲು, ಕೊನೆಯದರಲ್ಲಿ ದೆವ್ವದ ಪೂರ್ತಿ ಮುಖ. ಎಲ್ಲ ತೋರಿಸಿಬಿಟ್ಟರೆ ಚಿತ್ರಮಂದಿರದಲ್ಲಿ ಹೆದರಲು ಏನು ಉಳಿಯಿತು ಎಂದು ಕೆಲವರು, ತೋರಿಸದಿದ್ದರೆ ಯಾರು ತಿರುಗಿ ನೋಡುತ್ತಾರೆ ಎಂದು ಕೆಲವರು. ಈ ಜಗಳಕ್ಕೆ ನೂರು ವರ್ಷ ಮೀರಿದೆ. ಪೋಸ್ಟರ್ ಎಲ್ಲಿ ಅಂಟುತ್ತದೆ, ಯಾವ ಅಳತೆಯಲ್ಲಿ ಕಾಣುತ್ತದೆ ಎಂಬುದು ಬದಲಾದಾಗಲೆಲ್ಲ ಜಗಳವೂ ಹೊಸದಾಗಿ ಶುರುವಾಗಿದೆ.

1920ರಲ್ಲಿ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' ಎಂಬ ಜರ್ಮನ್ ಭಯದ ಸಿನಿಮಾದ ಬಿಡುಗಡೆಗೂ ಮೊದಲು ಬರ್ಲಿನ್‌ನಲ್ಲಿ 'ನೀನು ಕ್ಯಾಲಿಗರಿ ಆಗಲೇಬೇಕು' ಎಂಬ ಒಂದು ಸಾಲನ್ನು ಹೊತ್ತ ಪೋಸ್ಟರ್‌ಗಳು ಕಾಣಿಸಿಕೊಂಡವು. ಅದು ಸಿನಿಮಾದ ಜಾಹೀರಾತೆಂದು ಓದಿದವನಿಗೆ ತಿಳಿಯುವಂತಿರಲಿಲ್ಲ. 1931ರಲ್ಲಿ ಅಮೆರಿಕದ ಯೂನಿವರ್ಸಲ್ ಕಂಪನಿ 'ಡ್ರಾಕುಲಾ', 'ಫ್ರಾಂಕೆನ್‌ಸ್ಟೈನ್' ತಂದಾಗ ಲೆಕ್ಕ ತಿರುಗಿತು. 27×41 ಇಂಚಿನ ಹಾಳೆಯಲ್ಲಿ ಕಲ್ಲಚ್ಚಿನ ಗಾಢ ಬಣ್ಣ, ನಟ್ಟ ಕಣ್ಣು, ದೊಡ್ಡ ಮುಖ. ಪರದೆಯ ಮೇಲೆ ಕಪ್ಪು ಬಿಳುಪಾಗಿದ್ದ ಸಿನಿಮಾಗೆ ಬಣ್ಣ ಇದ್ದದ್ದು ಪೋಸ್ಟರ್‌ನಲ್ಲಿ ಮಾತ್ರ. ಮುಂದಿನ ಮೂವತ್ತು ವರ್ಷ ಚೀರುವ ಹೆಣ್ಣು, ಹಿಂದೆ ದೈತ್ಯ ಕೈ ಎಂಬ ಒಂದೇ ಅಚ್ಚಿನಲ್ಲಿ ಕಳೆದವು. ಐವತ್ತರ ದಶಕದಲ್ಲಿ ಮೊದಲು ಪೋಸ್ಟರ್ ಬರೆಸಿ, ಪ್ರದರ್ಶಕರು ಒಪ್ಪಿದ ಮೇಲೆ ಕಥೆ ಬರೆಸಿದ್ದೂ ಉಂಟು.

ಈ ಕಲೆ ಪಕ್ವವಾದದ್ದು 1968ರಿಂದ 1980ರ ನಡುವಿನ ಹನ್ನೆರಡು ವರ್ಷಗಳಲ್ಲಿ. 'ರೋಸ್‌ಮೇರೀಸ್ ಬೇಬಿ' ಪೋಸ್ಟರ್‌ನಲ್ಲಿ ಹಸಿರು ಛಾಯೆಯ ಹೆಣ್ಣಿನ ಮುಖ, ಅದರ ಮೇಲೆ ಬಂಡೆಗಳ ನಡುವೆ ಮಗುವಿನ ತಳ್ಳುಗಾಡಿಯ ಕಪ್ಪು ಆಕೃತಿ ಇದೆ. ಮಗು ಇಲ್ಲ. 1973ರ 'ದಿ ಎಕ್ಸಾರ್ಸಿಸ್ಟ್'ಗೆ ಬಿಲ್ ಗೋಲ್ಡ್ ಮಾಡಿದ ಪೋಸ್ಟರ್‌ನಲ್ಲಿ ಬೀದಿದೀಪದ ಕೆಳಗೆ ಟೋಪಿ ತೊಟ್ಟ ಒಬ್ಬ ವ್ಯಕ್ತಿ ಚೀಲ ಹಿಡಿದು ಮನೆಯೊಂದನ್ನು ನೋಡುತ್ತ ನಿಂತಿದ್ದಾನೆ. ಅದು ಸಿನಿಮಾದ್ದೇ ದೃಶ್ಯ, ಮಾಗ್ರಿಟ್ ಎಂಬ ಚಿತ್ರಕಾರನ ವರ್ಣಚಿತ್ರದಿಂದ ಹುಟ್ಟಿದ್ದು. ದೆವ್ವ ಹಿಡಿದ ಹುಡುಗಿಯ ಸುಳಿವೇ ಅದರಲ್ಲಿಲ್ಲ. ಆದರೆ ಬೆಳಕನ್ನು ಗಮನಿಸಿ. ಕತ್ತಲಲ್ಲಿ ಅಲೆದವನಿಗೆ ಕಿಟಕಿಯ ಬೆಳಕು ಕಂಡರೆ ಜೀವ ಬಂದಂತಾಗಬೇಕು. ಇಲ್ಲಿ ಭಯ ಇರುವ ಕೋಣೆಯಿಂದಲೇ ಬೆಳಕು ಇಳಿದು ಅವನ ಮೇಲೆ ಬೀಳುತ್ತದೆ. ನೋಡುವವನ ಹೊಟ್ಟೆಯಲ್ಲಿ ಏಳುವ ತಳಮಳಕ್ಕೆ ಈ ಅದಲುಬದಲೇ ಕಾರಣ. 1979ರ 'ಏಲಿಯನ್' ಇನ್ನೂ ಮುಂದೆ ಹೋಯಿತು. ಅಲ್ಲಿರುವುದು ಹಸಿರು ಬೆಳಕು ಸೋರುವ, ಬಿರುಕು ಬಿಟ್ಟ ಒಂದು ಮೊಟ್ಟೆ. ಸಿನಿಮಾದೊಳಗಿನ ಮೊಟ್ಟೆ ಹಾಗಿಲ್ಲವೇ ಇಲ್ಲ. ಇಂಗ್ಲಿಷ್ ಶೀರ್ಷಿಕೆಯ ಐದು ಅಕ್ಷರಗಳ ನಡುವೆ ಬೇಕೆಂದೇ ವಿಪರೀತ ಅಂತರ ಬಿಟ್ಟಿದ್ದಾರೆ. ಅಕ್ಷರಗಳೂ ಒಂದಕ್ಕೊಂದು ಸಿಗದ ದೂರದಲ್ಲಿ ಒಂಟಿಯಾಗಿವೆ.

1980ರ 'ದಿ ಶೈನಿಂಗ್' ಪೋಸ್ಟರ್‌ಗೆ ವಿನ್ಯಾಸಕಾರ ಸಾಲ್ ಬಾಸ್ ರಾಶಿ ರಾಶಿ ಕರಡು ಬರೆದರು. ಅವುಗಳಲ್ಲಿ ಕೆಲವು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್‌ರ ಟಿಪ್ಪಣಿಗಳ ಸಮೇತ ಉಳಿದಿವೆ. ಒಂದರಲ್ಲಿ ಜಟಿಲ ದಾರಿಯ ತೋಟಕ್ಕೆ ಒತ್ತು ಹೆಚ್ಚಾಯಿತು, ಇನ್ನೊಂದರಲ್ಲಿ ಹೋಟೆಲ್ ವಿಚಿತ್ರವಾಗಿ ಕಾಣುತ್ತದೆ, ಮತ್ತೊಂದರಲ್ಲಿ ಶೀರ್ಷಿಕೆ ಚಿಕ್ಕದಾದಾಗ ಚೆನ್ನಾಗಿ ಕಾಣುವುದಿಲ್ಲ, ತೆಳುವಾಗುವ ಕಡೆ ಮಸಿ ಹಿಡಿದಿಲ್ಲವೇನೋ ಅನ್ನಿಸುತ್ತದೆ ಎಂಬ ಆಕ್ಷೇಪಗಳು. ಕೊನೆಗೆ ಉಳಿದದ್ದು ಹಳದಿ ಹಿನ್ನೆಲೆ, ಕೈಬರಹದ ಅಕ್ಷರ, ಅಕ್ಷರದೊಳಗೆ ಚುಕ್ಕಿಗಳಿಂದ ಮೂಡಿದ ಒಂದು ಮುಖ. ಚಿಕ್ಕದಾದಾಗ ಹೇಗೆ ಕಾಣುತ್ತದೆ, ಮಸಿ ಹಿಡಿಯುತ್ತದೆಯೇ ಎಂಬ ಆ ಎರಡು ಆಕ್ಷೇಪಗಳನ್ನು ಇವತ್ತಿಗೂ ಯಾವ ದೆವ್ವದ ಪೋಸ್ಟರ್‌ನ ಮುಂದಾದರೂ ಇಡಬಹುದು.

ಮಸಿಯ ಮಾತನ್ನು ಬಿಡಿಸಿ ಹೇಳಲೇಬೇಕು. ದೆವ್ವದ ಪೋಸ್ಟರ್‌ನ ಮುಕ್ಕಾಲು ಪಾಲು ಕಪ್ಪು, ಅಚ್ಚಿನಲ್ಲಿ ಅತಿ ಕಷ್ಟದ ಬಣ್ಣವೂ ಅದೇ. ಕಪ್ಪು ಮಸಿ ಒಂದನ್ನೇ ನೂರಕ್ಕೆ ನೂರು ಹಾಕಿದರೆ ದೊಡ್ಡ ಜಾಗದಲ್ಲಿ ಅದು ಮಂಕು ಬೂದಿಯಾಗುತ್ತದೆ. ಕೆಳಗೆ ಬೇರೆ ಬಣ್ಣಗಳ ಹಾಸು ಬೇಕು: ನೂರಕ್ಕೆ ಸಯಾನ್ (ಹಸಿರು ಬೆರೆತ ತಿಳಿನೀಲಿ) 60, ಮಜೆಂಟಾ (ಗಾಢ ಗುಲಾಬಿ) 40, ಹಳದಿ 40, ಮೇಲೆ ಕಪ್ಪು 100. ಒಟ್ಟು 240. ನುಣುಪು ಕಾಗದದಲ್ಲೂ 300 ದಾಟಿದರೆ ಮಸಿ ಬೇಗ ಒಣಗದೆ, ಪೇರಿಸಿಟ್ಟ ಹಾಳೆಗಳು ಒಂದರ ಬೆನ್ನಿಗೊಂದು ಬಣ್ಣ ಹತ್ತಿಸಿಕೊಳ್ಳುತ್ತವೆ. ಸಯಾನ್ ಹೆಚ್ಚಿಸಿದರೆ ತಣ್ಣನೆಯ ಕಪ್ಪು, ಮಜೆಂಟಾ ಹೆಚ್ಚಿಸಿದರೆ ಬೆಚ್ಚನೆಯ ಕಪ್ಪು. ಸ್ಮಶಾನಕ್ಕೆ ಮೊದಲನೆಯದು, ಹಳೇ ಮನೆಯ ಒಳಗತ್ತಲಿಗೆ ಎರಡನೆಯದು ಒಪ್ಪುತ್ತದೆ. ಈ ನಾಲ್ಕು ಪದರದ ನಡುವೆ ಸಣ್ಣ ಬಿಳಿ ಅಕ್ಷರ ಬಿಟ್ಟರೆ, ಒಂದು ಬಣ್ಣದ ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಕೆಂಪೋ ನೀಲಿಯೋ ಹತ್ತುತ್ತದೆ. ಆದ್ದರಿಂದ ತಂತ್ರಜ್ಞರ ಹೆಸರಿರುವ ಕೆಳಪಟ್ಟಿಯ ಹಿಂದೆ ಕಪ್ಪು ಪ್ಲೇಟು ಮಾತ್ರ ಇಡುವುದು ಒಳ್ಳೆಯದು. ಪತ್ರಿಕೆಯ ಕಾಗದದಲ್ಲಿ ಅಚ್ಚಿನ ಮಸಿಯ ಚುಕ್ಕಿಗಳು ಹರಡುತ್ತವೆ, ನೂರಕ್ಕೆ 80ರ ನೆರಳು ಅಚ್ಚಾಗುವಾಗ ಹೆಚ್ಚುಕಡಿಮೆ ಗಟ್ಟಿ ಕಪ್ಪೇ ಆಗುತ್ತದೆ. ಪೋಸ್ಟರ್‌ನಲ್ಲಿ ಮಬ್ಬಾಗಿ ಕಂಡ ಮುಖ ಮರುದಿನ ಜಾಹೀರಾತಿನಲ್ಲಿ ಮಾಯ. ಅದಕ್ಕೇ ಪತ್ರಿಕೆಗೆಂದು ಬೇರೆ ಪ್ರತಿ ಮಾಡಿ, ಕೆನ್ನೆಯಂಚಿಗೆ ತೆಳುವಾದ ಬೆಳಕಿನ ಗೆರೆ ಎಳೆಯಬೇಕು. ಪೋಸ್ಟರ್‌ಗಳನ್ನು ಮಡಚಿ ಕಳಿಸುತ್ತಿದ್ದ ಕಾಲದಲ್ಲಿ ಮಡಿಕೆಯ ಜಾಗದಲ್ಲಿ ಮಸಿ ಒಡೆದು ಬಿಳಿ ಅಡ್ಡಗೆರೆ ಬೀಳುತ್ತಿತ್ತು. ಮುಖವನ್ನು ನಟ್ಟನಡುವೆ ಇಟ್ಟ ಪೋಸ್ಟರ್‌ಗಳಿಗೆ ಅದೇ ಶಾಪ.

ದೆವ್ವವನ್ನು ತೋರಿಸದೆ ಹೆದರಿಸುವ ಸಂಯಮವನ್ನು ಎಂಬತ್ತರ ದಶಕದ ವಿಡಿಯೊ ಕ್ಯಾಸೆಟ್ ಕೆಡವಿತು. ಬಾಡಿಗೆ ಅಂಗಡಿಯ ಶೆಲ್ಫಿನಲ್ಲಿ ನೂರಾರು ಕವರುಗಳ ನಡುವೆ ಗಿರಾಕಿಯ ಕೈಗೆ ಬರುವುದು ಹೆಚ್ಚು ಕಿರುಚಿದ್ದು. ಬ್ರಿಟನ್‌ನಲ್ಲಿ 'ದಿ ಡ್ರಿಲ್ಲರ್ ಕಿಲ್ಲರ್' ಕವರಿನ ಮೇಲೆ ಹಣೆಗೆ ಇಳಿಯುವ ಡ್ರಿಲ್ಲಿನ ಚಿತ್ರ ಕಂಡು ದೂರುಗಳು ಎದ್ದವು. 1984ರಲ್ಲಿ ವಿಡಿಯೊಗಳಿಗೂ ಪ್ರಮಾಣಪತ್ರ ಬೇಕೆಂಬ ಕಾನೂನೇ ಬಂತು. ಸಿನಿಮಾ ನೋಡದವರೂ ಕವರು ನೋಡಿಯೇ ತೀರ್ಪು ಕೊಟ್ಟ ಕಾಲ ಅದು.

ನಮ್ಮ ಕಡೆ ಗೋಡೆಯ ನಿಯಮ ಬೇರೆ ಇತ್ತು. 1984ರ 'ಪುರಾನಾ ಮಂದಿರ್'ನಂಥ ಹಿಂದಿ ದೆವ್ವದ ಸಿನಿಮಾಗಳ ಪೋಸ್ಟರ್‌ಗಳಲ್ಲಿ ರಾಕ್ಷಸ, ಹವೇಲಿ, ಜೋಡಿ, ತ್ರಿಶೂಲ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಅದನ್ನು ಅಭಿರುಚಿಯ ಕೊರತೆ ಎಂದು ತಳ್ಳಿಹಾಕುವುದು ಅನ್ಯಾಯ. ಹಾಡು, ಹಾಸ್ಯ, ಪ್ರೇಮ, ಭಯ ಎಲ್ಲ ಇರುವ ಸಿನಿಮಾಗೆ ಒಂದೇ ಹಾಳೆ ಎಲ್ಲರನ್ನೂ ಕರೆಯಬೇಕಿತ್ತು. ದೊಡ್ಡದು ಮಾಡಿದ ಫೋಟೊದ ಮೇಲೆ ಕಲಾವಿದರು ಪೋಸ್ಟರ್ ಬಣ್ಣ ಬಳಿದು, ಮುಖದ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು ಬೆಳಕು ಕೊಡುತ್ತಿದ್ದರು. ದೂರದ ಬಸ್ಸಿನಿಂದ ನೋಡಿದರೂ ಮುಖದ ಉಬ್ಬುತಗ್ಗು ಕಾಣಲು ಅದೇ ಉಪಾಯ. ವಯಸ್ಕರ ಸಿನಿಮಾ ಎಂದು ಜಾಹೀರಾತಿನಲ್ಲಿ ತಿಳಿಸುವುದು ಕಡ್ಡಾಯ. ದುಂಡಗಿನ ಗೆರೆಯೊಳಗಿನ ಆ 'ಎ' ಎಚ್ಚರಿಕೆಯಾಗಿ ಹುಟ್ಟಿ ಆಕರ್ಷಣೆಯಾಗಿ ಬೆಳೆಯಿತು. ಹಲವು ಹಾಳೆಗಳ ದೊಡ್ಡ ಪೋಸ್ಟರನ್ನು ಮೈದಾ ಗಂಜಿಯಲ್ಲಿ ಅಂಟಿಸುವಾಗ ಕೆಳಗಿನ ಹಾಳೆ ಮೊದಲು, ಮೇಲಿನದು ಅದರ ಮೇಲೆ ಅರ್ಧ ಇಂಚು ಹತ್ತಿ ಕೂರಬೇಕು. ತಿರುಗಾಮುರುಗಾ ಆದರೆ ಮಳೆನೀರು ಸಂದಿಗೆ ಇಳಿದು ಹಾಳೆ ಕಿತ್ತು ಬರುತ್ತದೆ. ಹಾಳೆ ಕೂಡುವ ಜಾಗಕ್ಕೆ ಕಣ್ಣು ಬಾರದಂತೆ ಚಿತ್ರ ಕೂರಿಸುವುದೂ ವಿನ್ಯಾಸಕಾರನ ಹೊಣೆ.

ಫ್ಲೆಕ್ಸ್ ಬಂದ ಮೇಲೆ ಆ ಕೈಗಳಿಗೆ ಕೆಲಸ ಕಡಿಮೆಯಾಯಿತು. ಹೊಳಪು ಫ್ಲೆಕ್ಸ್ ಮೇಲೆ ಕಪ್ಪು ಹಗಲು ಕನ್ನಡಿಯಾಗುತ್ತದೆ, ರಾತ್ರಿ ಫೋಕಸ್ ದೀಪಕ್ಕೆ ಬೂದಿಯಾಗುತ್ತದೆ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸ್ ಕೂಡ ಆ ಪಟ್ಟಿಯಲ್ಲಿತ್ತು. ಅಷ್ಟರಲ್ಲಿ ಪ್ರಚಾರ ಮೊಬೈಲಿಗೆ ಹೊರಟಾಗಿತ್ತು.

ಅಲ್ಲಿಯ ಲೆಕ್ಕ ಇನ್ನೂ ಬಿಗಿ. ಒಂದೊಂದು ಶೀರ್ಷಿಕೆಯ ಮೇಲೆ ವೀಕ್ಷಕರ ಗಮನ ನಿಲ್ಲುವುದು ಸರಾಸರಿ 1.8 ಸೆಕೆಂಡು, ಚಿತ್ರದಲ್ಲಿ ಮೂರಕ್ಕಿಂತ ಹೆಚ್ಚು ಜನರಿದ್ದರೆ ಫಲ ಇಳಿಯುತ್ತದೆ ಎಂದು 2016ರಲ್ಲಿ ನೆಟ್‌ಫ್ಲಿಕ್ಸ್ ತಿಳಿಸಿತ್ತು. ಅದರ ಆ್ಯಪ್‌ನ ಹಿನ್ನೆಲೆಯೇ ಕಪ್ಪು. ಕಪ್ಪು ಗೋಡೆಯ ಮೇಲೆ ಕಪ್ಪು ಪೋಸ್ಟರ್ ಅಂಟಿಸಿದರೆ ಅಂಚೇ ಕಾಣದು. ಹಾಗಾಗಿ ಕತ್ತಲು ಹಿಂದೆ ಸರಿದು ಅರ್ಧ ಮುಖ, ಅಗಲಿಸಿದ ಕಣ್ಣು, ಬದಿಗೆ ಕೆಂಪು ಬೆಳಕು ಮುಂದೆ ಬಂದವು. ಯಾರೋ ಒಬ್ಬರು ಕೂತು ಇದನ್ನು ತೀರ್ಮಾನಿಸಲಿಲ್ಲ, ಎರಡಿಂಚಿನ ಜಾಗದಲ್ಲಿ ಕತ್ತಲಿಗೆ ಎಡೆಯಿಲ್ಲ ಅಷ್ಟೇ. ಚಿತ್ರವನ್ನು 150 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಬಣ್ಣ ತೆಗೆದು, ಫೋನಿನ ಬೆಳಕು ಅರ್ಧ ಮಾಡಿ ಬಿಸಿಲಲ್ಲಿ ನೋಡಿದರೆ ಏನು ಉಳಿಯುತ್ತದೆಂದು ಆಗಲೇ ತಿಳಿಯುತ್ತದೆ.

ಕನ್ನಡ ಶೀರ್ಷಿಕೆಗೆ ಇನ್ನೊಂದು ತೊಡಕಿದೆ. ಅಕ್ಷರದ ಬುಡದಿಂದ ರಕ್ತ ತೊಟ್ಟಿಕ್ಕಿಸುವ ಹಳೆಯ ರೂಢಿ ರೋಮನ್ ಲಿಪಿಗೆ ಸರಿ. ನಮ್ಮಲ್ಲಿ 'ದ'ಕ್ಕೂ 'ಧ'ಕ್ಕೂ, 'ಪ'ಕ್ಕೂ 'ಫ'ಕ್ಕೂ ವ್ಯತ್ಯಾಸ ಇರುವುದೇ ಬುಡದ ಒಂದು ಸೀಳಿನಲ್ಲಿ. ಅಲ್ಲಿ ಹನಿ ಇಳಿಸಿದರೆ ಅಕ್ಷರವೇ ಬೇರೆಯಾಗುತ್ತದೆ, ಒತ್ತಕ್ಷರವಿದ್ದರೆ ಹನಿಯೂ ಒತ್ತೂ ಕಲೆಸಿಹೋಗುತ್ತವೆ. ಚಿಕ್ಕ ಪರದೆಯಲ್ಲಂತೂ ಓದಲಾಗದು. ಬಿರುಕು, ತುಕ್ಕು, ಗೀರುಗಳನ್ನು ಅಕ್ಷರದ ಮೈಯೊಳಗೇ ಇಟ್ಟು, ಹೊರಗಿನ ಗೆರೆಯನ್ನೂ ಒತ್ತಿನ ಸುತ್ತಲಿನ ಜಾಗವನ್ನೂ ಮುಟ್ಟದೆ ಬಿಟ್ಟರೆ ಭಯವೂ ಇರುತ್ತದೆ, ಹೆಸರೂ ಓದಿಸಿಕೊಳ್ಳುತ್ತದೆ.