ಶಾಲೆಯ ಹಿಂದುಮುಂದಿನ ಗಂಟೆಗಳಿಗೆ ಯೋಜನೆ

ಶಾಲೆ ಆರಂಭವಾಗುವ ಮುನ್ನ ಮತ್ತು ಬಿಟ್ಟ ನಂತರ ಮಕ್ಕಳನ್ನು ನೋಡಿಕೊಳ್ಳುವ ಸಾರ್ವಜನಿಕ ವ್ಯವಸ್ಥೆಯ ಕರಡುಗಳು ಪರಿಶೀಲನೆಗೆ ಬಂದಾಗ, ಬೇಡಿಕೆಯನ್ನು ಹೇಗೆ ಅಳೆದಿದ್ದಾರೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಹೆಚ್ಚಿನವರು ಪೋಷಕರನ್ನು ‘ನಿಮಗೆ ಈ ಸೌಲಭ್ಯ ಬೇಕೇ’ ಎಂದು ಕೇಳಿ, ಹೌದು ಎಂದವರನ್ನು ಕೂಡಿಸಿ, ಅಷ್ಟು ಸೀಟು ಎಂದು ಬರೆದಿರುತ್ತಾರೆ. ಆದರೆ ಮಗುವಿಗೆ ಆಸರೆ ಬೇಕಿರುವುದು ದಿನದ ಕೆಲವು ಹೊತ್ತಿನಲ್ಲಿ, ವರ್ಷದ ಕೆಲವು ದಿನಗಳಲ್ಲಿ. ಆ ಹೊತ್ತು ಮತ್ತು ದಿನಗಳು ಸೀಟಿನ ಸಂಖ್ಯೆಯಲ್ಲಿ ಕಾಣುವುದಿಲ್ಲ.

ಶಾಲೆ 9ರಿಂದ 3ರವರೆಗೆ, ಪೋಷಕರ ಕೆಲಸ 9ರಿಂದ 5ರವರೆಗೆ, ಪ್ರಯಾಣಕ್ಕೆ 45 ನಿಮಿಷ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಎರಡೂಮುಕ್ಕಾಲು ಗಂಟೆ, ಒಟ್ಟು ದಿನಕ್ಕೆ ಮೂರೂವರೆ ಗಂಟೆಯ ಪಾಲನೆ ಬೇಕು. ಪ್ರಯಾಣದ ಸಮಯವನ್ನು ಬಿಟ್ಟು ಲೆಕ್ಕ ಹಾಕಿದರೆ ಬೆಳಗಿನ ಅಗತ್ಯವೇ ಮಾಯವಾಗುತ್ತದೆ, ಸಂಜೆ 5ಕ್ಕೆ ಬಾಗಿಲು ಹಾಕಬಹುದು ಎನಿಸುತ್ತದೆ. ಆದ್ದರಿಂದ ಅರ್ಧ ಗಂಟೆಗೊಂದು ಚೌಕವಿರುವ ಕೋಷ್ಟಕ ಕೊಟ್ಟು, ವಾರದ ಯಾವ ದಿನ ಎಷ್ಟು ಹೊತ್ತಿಗೆ ಮಗುವನ್ನು ಬಿಟ್ಟುಹೋಗಬೇಕು, ಎಷ್ಟು ಹೊತ್ತಿಗೆ ಕರೆದೊಯ್ಯಲು ಸಾಧ್ಯ ಎಂದು ಕೇಳಬೇಕು. ಪಾಳಿಯಲ್ಲಿ ದುಡಿಯುವವರು ಇಂಥ ಕೋಷ್ಟಕದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಕಾಯುವ ಪಟ್ಟಿಯನ್ನೇ ನಂಬುವುದಂತೂ ಸಲ್ಲದು: ಸಮಯ ಹೊಂದದೆಂದು ಅರ್ಜಿಯನ್ನೇ ಹಾಕದ, ಅಥವಾ ಕೆಲಸವನ್ನೇ ಬಿಟ್ಟ ತಾಯಿ ಆ ಪಟ್ಟಿಯಲ್ಲಿ ಇರುವುದಿಲ್ಲ.

ಯೋಜನೆಗಳು ಹೆಚ್ಚಾಗಿ ಮುಗ್ಗರಿಸುವುದು ಸಿಬ್ಬಂದಿಯ ವಿಷಯದಲ್ಲಿ. ಆ ಮೂರೂವರೆ ಗಂಟೆ ಎರಡು ತುಂಡಾಗಿದ್ದು, ನಡುವೆ ಆರು ಗಂಟೆಯ ಅಂತರವಿದೆ. ಅಷ್ಟಕ್ಕೆ ಮಾತ್ರ ಸಂಬಳ ಕೊಟ್ಟು ದಿನಕ್ಕೆರಡು ಸಲ ಬಂದುಹೋಗಿ ಎಂದರೆ ಅನುಭವಸ್ಥರು ನಿಲ್ಲುವುದಿಲ್ಲ. ನೋಡಿಕೊಳ್ಳುವವರು ಪದೇಪದೇ ಬದಲಾದರೆ ಆರೇಳು ವರ್ಷದ ಮಕ್ಕಳು ಒಗ್ಗಿಕೊಳ್ಳುವುದಿಲ್ಲ. ತರಗತಿ ಸಹಾಯಕರ ಕೆಲಸವನ್ನೋ ಊಟದ ಹೊತ್ತಿನ ಮೇಲ್ವಿಚಾರಣೆಯನ್ನೋ ಜೋಡಿಸಿ ಪೂರ್ಣಾವಧಿ ಹುದ್ದೆ ಮಾಡುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಸ್ವೀಡನ್‌ನಲ್ಲಿ ಶಾಲಾನಂತರದ ಕೇಂದ್ರಗಳ ಶಿಕ್ಷಕರು ಹಗಲಿನಲ್ಲಿ ತರಗತಿಯಲ್ಲೂ ಕೆಲಸ ಮಾಡುವುದು ಸಾಮಾನ್ಯ. ಇದಕ್ಕೆ ಎರಡು ಇಲಾಖೆಗಳು ಒಂದೇ ಸಂಬಳಪಟ್ಟಿಗೆ ಒಪ್ಪಬೇಕಾಗುತ್ತದೆ. ಅದರ ಕಷ್ಟವನ್ನು ಬಲ್ಲವರೇ ಬಲ್ಲರು.

ಇನ್ನು ರಜೆಗಳು. ಇಂಗ್ಲೆಂಡ್‌ನ ಸರ್ಕಾರಿ ಶಾಲೆಗಳ ಪಾಠ ನಡೆಯುವುದು ಸಾಮಾನ್ಯವಾಗಿ ವರ್ಷಕ್ಕೆ 190 ದಿನ. ವಾರಕ್ಕೆ ಐದು ದಿನ ದುಡಿಯುವವರಿಗೆ ಅಲ್ಲಿ ಕಾನೂನು ಖಾತರಿಪಡಿಸುವ ವೇತನಸಹಿತ ರಜೆ 28 ದಿನ, ಅಂದರೆ ಕೆಲಸದ ದಿನಗಳು ಸುಮಾರು 232. ತನ್ನ ರಜೆಯನ್ನೆಲ್ಲ ಮಗುವಿನ ರಜೆಗೇ ಹೊಂದಿಸಿದರೂ ಒಂಟಿ ಪೋಷಕರಿಗೆ 42 ದಿನ ಕೊರತೆ ಬೀಳುತ್ತದೆ. ಜರ್ಮನಿ 2021ರ ಕಾನೂನಿನಲ್ಲಿ ಇದನ್ನು ಗಮನಿಸಿದೆ: 2026ರ ಆಗಸ್ಟ್‌ನಿಂದ ಒಂದನೇ ತರಗತಿಯ ಮಕ್ಕಳಿಗೆ ವಾರದ ಐದು ದಿನವೂ, ಪಾಠದ ಸಮಯವೂ ಸೇರಿ ದಿನಕ್ಕೆ ಎಂಟು ಗಂಟೆ ಪಾಲನೆಯ ಹಕ್ಕು ದೊರೆತು, ವರ್ಷಕ್ಕೊಂದು ತರಗತಿಯಂತೆ ನಾಲ್ಕನೆಯದರವರೆಗೆ ವಿಸ್ತರಿಸಲಿದೆ. ಈ ಹಕ್ಕು ಶಾಲಾರಜೆಗೂ ಅನ್ವಯಿಸುತ್ತದೆ. ರಾಜ್ಯಗಳು ಕೇಂದ್ರ ಮುಚ್ಚಲು ಅವಕಾಶ ಕೊಡಬಹುದಾದದ್ದು ಹೆಚ್ಚೆಂದರೆ ನಾಲ್ಕು ವಾರ.

ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ ಮಗು ಪಾಲನಾ ಕೇಂದ್ರ ಸೇರುವವರೆಗಿನ ಹತ್ತು ನಿಮಿಷಕ್ಕೆ ಯಾರು ಹೊಣೆ ಎಂಬುದನ್ನು ಬರಹದಲ್ಲಿ ಇಡಬೇಕು. ಸಹಿ ಹಾಕಿ ಒಪ್ಪಿಸಿಕೊಳ್ಳುವ ಹಾಜರಿ ಪುಸ್ತಕ, ಬಾರದ ಮಗುವಿನ ಬಗ್ಗೆ ಕೂಡಲೇ ಪೋಷಕರಿಗೆ ಕರೆ, ಇಷ್ಟಿದ್ದರೆ ಸಾಕು.

ಶುಲ್ಕದ ಬಗ್ಗೆ ಒಂದು ಮಾತು. ಬಂದ ದಿನಕ್ಕಷ್ಟೇ ಹಣ ಎಂಬ ಪದ್ಧತಿ ಪೋಷಕರಿಗೆ ಹಿತವೆನಿಸಿದರೂ, ಮಕ್ಕಳು ಕಡಿಮೆ ಬಂದ ದಿನ ಸಿಬ್ಬಂದಿಯ ಸಂಬಳವೇನೂ ಕಡಿಮೆಯಾಗುವುದಿಲ್ಲ. ಆದಾಯಕ್ಕೆ ತಕ್ಕ ಮಾಸಿಕ ಶುಲ್ಕವಿಟ್ಟು, ಪಾಳಿ ಬದಲಾಗುವವರಿಗೆ ಮಾತ್ರ ಮೊದಲೇ ತಿಳಿಸಿ ದಿನ ಬದಲಿಸಿಕೊಳ್ಳಲು ಅವಕಾಶ ಕೊಡುವುದನ್ನು ನಾನು ಸೂಚಿಸುತ್ತೇನೆ. ಆದರೆ ಕೇಂದ್ರಕ್ಕೆ ಕೊಡುವ ಮೊದಲ ವರ್ಷದ ಅನುದಾನವನ್ನು ಮಕ್ಕಳ ಹಾಜರಾತಿಗೆ ಕಟ್ಟಿಹಾಕದಿದ್ದರೆ ಮಾತ್ರ ಇದು ನಡೆಯುತ್ತದೆ.